ಜಪಾನಿನ ಕಚೇರಿಗೆ ಹೊರಟವರು ಮೊದಲು ಯಾವ ನಮಸ್ಕಾರ ಕಲಿಯಬೇಕು?

ನಗೋಯಾದ ಕಾರ್ಖಾನೆಯೊಂದಕ್ಕೆ ತರಬೇತಿಗೆಂದು ಹೊರಟಿದ್ದೀರಿ. ‘ಕೊನ್ನಿಚಿವ’ (ನಮಸ್ಕಾರ), ‘ಸಯೋನರ’ (ವಿದಾಯ) ಬಿಟ್ಟರೆ ಜಪಾನಿ ಬಾರದು, ಮರ್ಯಾದೆ ಉಳಿಯುವಷ್ಟು ಕಲಿಯಲು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಯೊಕೊಹಾಮಾದ ಕಚೇರಿಯೊಂದರಲ್ಲಿ ಕೆಲವು ವರ್ಷ ದುಡಿದವನಾಗಿ ಹೇಳುತ್ತೇನೆ: ನಿಮಗೆ ಗೊತ್ತಿರುವ ಆ ಎರಡು ಮಾತುಗಳೇ ಕೆಲಸದ ಜಾಗದಲ್ಲಿ ತೀರಾ ಕಡಿಮೆ ಉಪಯೋಗಕ್ಕೆ ಬರುವಂಥವು. ಕೊನ್ನಿಚಿವ ಪರಿಚಯ ಅಷ್ಟಕ್ಕಷ್ಟೇ ಇರುವವರಿಗೆ, ದಾರಿಯಲ್ಲಿ ಎದುರಾದ ನೆರೆಯವರಿಗೆ. ಒಂದೇ ಮೇಜಿನಲ್ಲಿ ಕೂರುವವರಿಗೆ ಅದನ್ನು ಹೇಳುವ ರೂಢಿಯಿಲ್ಲ, ಮನೆಯವರಿಗಂತೂ ಇಲ್ಲವೇ ಇಲ್ಲ. ನಾಳೆ ಮತ್ತೆ ಸಿಗುವ ಸಹೋದ್ಯೋಗಿಗೆ ಸಯೋನರ ಎಂದರೆ ಕೆಲಸ ಬಿಟ್ಟೇ ಹೊರಟಿರೇನೋ ಎಂದುಕೊಂಡಾರು.

ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳೆಲ್ಲ ಬೆಳಿಗ್ಗೆ ಇದು, ಮಧ್ಯಾಹ್ನ ಅದು, ರಾತ್ರಿ ಮತ್ತೊಂದು ಎಂದು ಗಡಿಯಾರ ನೋಡಿ ಹಂಚಿದವು. ಅದನ್ನು ಉರು ಹೊಡೆಯಬೇಡಿ. ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳುತ್ತಾರೆ, ಅದಕ್ಕೆ ಉತ್ತರವೇನು ಎಂದು ಜೋಡಿಯಾಗಿ ಕಲಿಯಿರಿ. ‘ಒಹಯೋ ಗೊಝೈಮಸ್’ ಬೆಳಗಿನ ಮಾತೇ ಹೌದು, ಆದರೆ ಹೋಟೆಲುಗಳಲ್ಲಿ, ರಂಗಭೂಮಿಯಲ್ಲಿ ಸಂಜೆ ಪಾಳಿಗೆ ಬಂದವರೂ ಒಹಯೋ ಎನ್ನುತ್ತಲೇ ಒಳಗೆ ಬರುತ್ತಾರೆ. ‘ಒಯಸುಮಿನಸೈ’ ಮಲಗುವ ಮುನ್ನ ಅಥವಾ ರಾತ್ರಿ ಬೀಳ್ಕೊಡುವಾಗ ಮಾತ್ರ. ರಾತ್ರಿ ಎದುರಾದವರಿಗೆ ‘ಕೊಂಬನ್‌ವ’.

ಕಚೇರಿಯ ನಿಜವಾದ ನಮಸ್ಕಾರ ಕೇಳಬೇಕೆಂದರೆ ಸಂಜೆಯವರೆಗೆ ಕಾಯಬೇಕು. ಮೊದಲು ಹೊರಡುವವನು ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿ, ಚೀಲ ಹೆಗಲಿಗೇರಿಸಿ, ಸ್ವಲ್ಪ ಬಾಗಿ ‘ಒಸಕಿನಿ ಶಿತ್ಸುರೇ ಶಿಮಸ್’ ಎನ್ನುತ್ತಾನೆ. ನಿಮಗಿಂತ ಮುಂಚೆ ಹೊರಡುತ್ತಿದ್ದೇನೆ, ಕ್ಷಮೆಯಿರಲಿ ಎಂದು. ಉಳಿದವರು ಪರದೆಯಿಂದ ಕಣ್ಣು ಕೀಳದೆಯೇ ‘ಒತ್ಸುಕರೆಸಮ ದೆಶಿತ’ ಎಂದು ಒಬ್ಬರ ಹಿಂದೊಬ್ಬರು ಹೇಳುತ್ತಾರೆ. ನಿಮ್ಮ ಶ್ರಮ ನಮಗೆ ಗೊತ್ತು ಎಂಬರ್ಥದ ಮಾತು ಇದು. ಇದರ ‘ಒತ್ಸುಕರೆಸಮ ದೆಸ್’ ಎಂಬ ರೂಪ ಹಗಲಿಡೀ ಓಡಾಡುತ್ತಿರುತ್ತದೆ. ಲಿಫ್ಟಿನಲ್ಲಿ, ಪಡಸಾಲೆಯಲ್ಲಿ, ಕಚೇರಿಯೊಳಗಿನ ಫೋನಿನಲ್ಲಿ, ಮಿಂಚಂಚೆಯ ಮೊದಲ ಸಾಲಿನಲ್ಲಿ. ಒಂದೇ ಮಾತು ಕಲಿಯುವೆನೆಂದು ಹಟ ಹಿಡಿದರೆ ಇದನ್ನೇ ಕಲಿಯಿರಿ. ‘ಗೊಕುರೋಸಮ’ ಎಂಬ ಇನ್ನೊಂದೂ ಕಿವಿಗೆ ಬಿದ್ದೀತು. ಅದು ಮೇಲಿನವರು ಕೆಳಗಿನವರಿಗೆ ಹೇಳುವುದು, ಮೇಲಧಿಕಾರಿಗೆ ಹೇಳಬೇಡಿ.

ಉಚ್ಚಾರಣೆಯಲ್ಲಿ ನಮಗೊಂದು ಅನುಕೂಲವಿದೆ, ಅದನ್ನು ಇಂಗ್ಲಿಷ್ ಅಕ್ಷರಗಳಿಗೆ ಬಲಿಕೊಡಬೇಡಿ. ಜಪಾನಿಯಲ್ಲಿ ಹ್ರಸ್ವ, ದೀರ್ಘ, ಒತ್ತಕ್ಷರ ಮೂರಕ್ಕೂ ಬೆಲೆಯಿದೆ. ‘ಒಬಸನ್’ ಎಂದರೆ ಅತ್ತೆ, ಚಿಕ್ಕಮ್ಮ. ‘ಒಬಾಸನ್’ ಎಂದರೆ ಅಜ್ಜಿ. ಎದುರಿಗಿರುವ ಹೆಂಗಸಿನ ವಯಸ್ಸು ಹೀಗೆ ಒಂದು ದೀರ್ಘದ ಮೇಲೆ ನಿಂತಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ ಈ ಭೇದ ಜಾರಿಹೋಗುತ್ತದೆ, ಕನ್ನಡದಲ್ಲಿ ಬರೆದುಕೊಂಡರೆ ಉಳಿಯುತ್ತದೆ. ‘ದೆಸು’, ‘ಮಸು’ಗಳ ಕೊನೆಯ ಉಕಾರವನ್ನು ಮಾತ್ರ ನುಂಗಿಬಿಡಿ. ಮುಂದೆ ಹಿರಗಾನ ಲಿಪಿ ಕಲಿಯುವ ಮನಸ್ಸಾದರೆ ಅದರ ವರ್ಣಮಾಲೆಯೂ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂದೇ ಸಾಗುತ್ತದೆ. ಬೌದ್ಧರ ಮೂಲಕ ಅಲ್ಲಿಗೆ ಹೋದ ಸಂಸ್ಕೃತದ ಅಕ್ಷರಕ್ರಮದ ಪ್ರಭಾವ ಅದು.

ಅಂಗಡಿಗೆ ಕಾಲಿಟ್ಟೊಡನೆ ‘ಇರಶ್ಶೈಮಸೆ’ ಎಂದು ಕೂಗುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾಗಿಲ್ಲ. ಯಾರನ್ನಾದರೂ ಕರೆಯಲು, ದಾರಿ ಕೇಳಲು, ರೈಲಿನಲ್ಲಿ ಕಾಲು ತುಳಿದಾಗ, ಯಾರಾದರೂ ಬಾಗಿಲು ಹಿಡಿದು ನಿಂತಾಗ ‘ಸುಮಿಮಸೆನ್’, ಕ್ಷಮಿಸಿ ಎಂದು. ಊಟಕ್ಕೆ ಮುಂಚೆ ‘ಇತದಕಿಮಸ್’, ಮುಗಿದ ಮೇಲೆ ‘ಗೊಚಿಸೋಸಮ ದೆಶಿತ’. ವಸತಿಗೃಹದಲ್ಲಿ ಇಳಿದುಕೊಂಡರೆ, ಬೆಳಿಗ್ಗೆ ಹೊರಡುವಾಗ ‘ಇತ್ತೆಕಿಮಸ್’ ಎನ್ನಿ. ನಮ್ಮ ‘ಹೋಗಿ ಬರುತ್ತೇನೆ’ಯೇ ಅದು, ಹಾಗಾಗಿ ನೆನಪಿಡಲು ಕಷ್ಟವಿಲ್ಲ. ವಸತಿಗೃಹದವರು ‘ಇತ್ತೆರಶ್ಶೈ’, ಹೋಗಿ ಬನ್ನಿ ಎಂದು ಕಳಿಸಿಕೊಡುತ್ತಾರೆ.

ಕೈ ಮುಗಿಯುವ ಅಭ್ಯಾಸವನ್ನು ಸ್ವಲ್ಪ ತಡೆದುಕೊಳ್ಳಿ. ಅಲ್ಲಿ ಅಂಗೈ ಜೋಡಿಸುವುದು ಊಟದ ಮುಂದೆ ಅಥವಾ ಬೌದ್ಧ ದೇವಾಲಯದಲ್ಲಿ. ಮನುಷ್ಯರಿಗೆ ಬಾಗುವುದು. ಶಿಷ್ಟಾಚಾರದ ಪುಸ್ತಕಗಳು 15, 30, 45 ಡಿಗ್ರಿ ಎಂದು ಮೂರು ಬಗೆ ಕಲಿಸುತ್ತವೆ. ಎದುರಾದಾಗ ಮೊದಲನೆಯದು, ಅತಿಥಿಗಳಿಗೆ ಎರಡನೆಯದು, ಆಳವಾದ ಕೃತಜ್ಞತೆಗೋ ಕ್ಷಮೆಗೋ ಮೂರನೆಯದು. ಕೋನಮಾಪಕ ಹಿಡಿದು ಯಾರೂ ನಿಂತಿರುವುದಿಲ್ಲ. ಕತ್ತನ್ನಷ್ಟೇ ಕುಣಿಸದೆ ಸೊಂಟದಿಂದ ಬಾಗಿದರೆ ಸಾಕು.

ಮೊದಲ ದಿನ ಎಲ್ಲರೆದುರು ನಿಲ್ಲಿಸಿ ಪರಿಚಯ ಹೇಳಿಸುವುದು ಬಹುಮಟ್ಟಿಗೆ ಖಚಿತ. ಆಗ ಇಷ್ಟು ಹೇಳಿ: ‘ಹಜಿಮೆಮಶಿತೆ. ಇಂದೊ ಕರ ಕಿಮಶಿತ’, ಆಮೇಲೆ ನಿಮ್ಮ ಹೆಸರು ಹೇಳಿ ‘ದೆಸ್’, ಕೊನೆಗೆ ‘ಯೊರೊಶಿಕು ಒನೆಗೈ ಶಿಮಸ್’. ಮೊದಲ ಸಲ ಭೇಟಿಯಾಗುತ್ತಿದ್ದೇವೆ, ಭಾರತದಿಂದ ಬಂದಿದ್ದೇನೆ, ನಾನು ಇಂಥವನು, ನಿಮ್ಮ ಸಹಕಾರವಿರಲಿ ಎಂದು. ಬೇರೆಯವರ ಹೆಸರಿಗೆ ತಪ್ಪದೆ ನಮ್ಮ ‘ಅವರು’ ಇದ್ದಂತೆ ಗೌರವ ಸೂಚಿಸುವ ‘ಸನ್’ ಸೇರಿಸಿ, ನಿಮ್ಮ ಹೆಸರಿಗೆ ಮಾತ್ರ ನೀವೇ ಅಂಟಿಸಿಕೊಳ್ಳಬೇಡಿ. ಈ ನಾಲ್ಕು ಸಾಲನ್ನು ವಿಮಾನ ಹತ್ತುವ ಮುನ್ನ ಗಟ್ಟಿಯಾಗಿ ಬಾಯಿಪಾಠ ಮಾಡಿಕೊಳ್ಳಿ. ಮಿಕ್ಕವನ್ನು ಅಲ್ಲಿನವರ ಬಾಯಲ್ಲಿ ಕೇಳಿಯೇ ಕಲಿಯಬಹುದು.