ಫೋನಿನಲ್ಲಿ ಕಳಿಸುವ ಮೂರಂಕಿ

ಕಾಸರಗೋಡಿನ ಬದಿಯಡ್ಕ ಕಡೆಯ ಸಹೋದರಿಯೊಬ್ಬರ ಪತ್ರ. ಗಂಡ ಆಟೋ ಓಡಿಸುತ್ತಾರೆ, ಕುಡಿತವಿಲ್ಲ, ದಿನಾ ಲಾಟರಿ ಮಾತ್ರ. ಮಧ್ಯಾಹ್ನ ಮೂರರ ಡ್ರಾ ಕಳೆದ ಮೇಲೆ ಅವರನ್ನು ಮಾತಾಡಿಸುವ ಹಾಗಿಲ್ಲ. ಎರಡು ಸಲ ಆದ ಸಾಲವನ್ನು ಗಲ್ಫಿನಲ್ಲಿರುವ ಅಣ್ಣ ತೀರಿಸಿದರು. ಈಗ ಮೂರನೆಯದು. "ಅಣ್ಣನ ಹತ್ತಿರ ಹೇಗೆ ಕೇಳಲಿ?"

ತಂಗೀ, ನಡುವೆ ಒಂದು ಮಾತು ಬರೆದು ದಾಟಿಬಿಟ್ಟಿದ್ದೀರಿ: "ಈಗೀಗ ಟಿಕೆಟು ತರುವುದಿಲ್ಲ, ನಂಬರ್ ಫೋನಿನಲ್ಲೇ ಕಳಿಸುತ್ತಾರೆ, ಹತ್ತು ರೂಪಾಯಿಗೆ ಐದು ಸಾವಿರವಂತೆ." ಅದು ಕೇರಳ ಸರಕಾರದ ಲಾಟರಿಯಲ್ಲ. ಸರಕಾರದ್ದಾದರೆ ಕೈಯಲ್ಲಿ ಟಿಕೆಟು ಬೇಕು, ಇಲ್ಲದಿದ್ದರೆ ಬಹುಮಾನವೂ ಇಲ್ಲ. ಇದು ಅದೇ ಡ್ರಾದ ಮೊದಲ ಬಹುಮಾನದ ಕೊನೆಯ ಮೂರಂಕಿಯ ಮೇಲೆ ಕಟ್ಟುವ ಕಳ್ಳ ಜೂಜು, ಎಳುತ್ತು ಲಾಟರಿ, ಅಂದರೆ ನಂಬರ್ ಬರೆಸುವ ಲಾಟರಿ.

ಲೆಕ್ಕ ನೋಡಿ. 000ರಿಂದ 999ರವರೆಗೆ ಸಾವಿರ ನಂಬರ್. ಎಲ್ಲವನ್ನೂ ಬರೆಸಿದರೆ 10,000 ರೂಪಾಯಿ, ಸಿಗುವುದು 5,000. ನಿಮ್ಮವರು ದಿನಕ್ಕೆ 30 ನಂಬರ್ ಬರೆಸುತ್ತಾರಲ್ಲ, ಸರಾಸರಿ 33 ದಿನಕ್ಕೊಮ್ಮೆ ಹತ್ತುತ್ತದೆ. ಅಷ್ಟರಲ್ಲಿ ಹೋದದ್ದು 9,900. ಆದರೆ ನೆನಪಿನಲ್ಲಿ ಉಳಿಯುವುದು ಆ ಐದು ಸಾವಿರ. ಒಮ್ಮೆಯೂ ಹತ್ತದಿದ್ದರೆ ಅವರೇ ಎಂದೋ ಬಿಡುತ್ತಿದ್ದರು, ಪಾಪ.

ನನಗೆ ಸಿಟ್ಟು ನಿಮ್ಮ ಅಣ್ಣನ ಮೇಲೆ. ಒಳ್ಳೆಯವರೇ ಇರಬಹುದು, ಆದರೆ ಅವರ ದುಡ್ಡು ನಿಮ್ಮ ಮನೆಗೆ ಬರಲಿಲ್ಲ, ನಂಬರ್ ಬರೆಯುವವನ ಜೇಬಿಗೆ ಹೋಯಿತು. ಅವನು ಕಡ ಕೊಡುವುದೇ ಗಲ್ಫಿನ ಭಾವ ಇದ್ದಾನೆಂಬ ಧೈರ್ಯದಲ್ಲಿ. ಜೂಜಿನಲ್ಲಿ ಕಡ ಕೊಡುವವನೇ ನಿಜವಾದ ಕೇಡು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಸಾಲದು.

ಮಾಡಬೇಕಾದ್ದು ಒಂದೇ: ಈ ಸಾಲವನ್ನು ಯಾರೂ ತೀರಿಸಬೇಡಿ. ಅಣ್ಣನಿಗೆ ಫೋನ್ ಮಾಡಿ, ದುಡ್ಡು ಕೇಳಲಿಕ್ಕಲ್ಲ, ಯಾರು ಕೇಳಿದರೂ ಕಳಿಸಬೇಡ ಎನ್ನಲಿಕ್ಕೆ. ಗಂಡನಿಗೆ ತಿಳಿದೇ ಇರಲಿ, ಗುಟ್ಟು ಬೇಡ. 1872ರ ಕರಾರು ಕಾಯಿದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರು ಅಸಿಂಧು; ನಂಬರ್ ಬರೆಯುವವನು ಕೋರ್ಟಿಗೆ ಹೋಗಿ ವಸೂಲಿ ಮಾಡುವಂತಿಲ್ಲ. ಮನೆ ಬಾಗಿಲಿಗೆ ಬಂದು ಗದರಿಸಿದರೆ ಠಾಣೆಗೆ ಹೋಗಿ. ಅದಕ್ಕೆ ಮೊದಲು ನಂಬರ್ ಕಳಿಸಿದ ಮೆಸೇಜು, ದುಡ್ಡು ಹೋದ ವಿವರ ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿಗೆ ಹಾಕಿಕೊಳ್ಳಿ, ಗಂಡನ ಫೋನಿನಲ್ಲಿ ಅಳಿಸಿಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.