ಅರವತ್ತರ ಹುಟ್ಟುಹಬ್ಬದ ಜಪಾನಿ ಕಾರ್ಡ್: ಮೊದಲು ದಾರವನ್ನು ಬದಲಿಸಿ

ಮೇಡಂ, ತಂದೆಯವರ ಅರವತ್ತನೆಯ ಹುಟ್ಟುಹಬ್ಬಕ್ಕೆ ನೀವು ಮಾಡಿರುವ ಕಾರ್ಡಿನ ಚಿತ್ರ ನೋಡಿದೆ. ಮಡಿಕೆಗಳು ಅಚ್ಚುಕಟ್ಟಾಗಿವೆ. ಆದರೆ ಕಪ್ಪು-ಬಿಳಿ ದಾರದ ಬಿಗಿಗಂಟು ಮತ್ತು ಕಾಗದ ಮಡಿಸಿ ಮಾಡಿದ ನಾಲ್ಕು ಕೊಕ್ಕರೆ ಎರಡನ್ನೂ ದಯವಿಟ್ಟು ತೆಗೆಯಿರಿ. ಇದೇ ಜೋಡಣೆ ನಮ್ಮ ಈ ಕರಕುಶಲ ಗುಂಪಿನಲ್ಲಿ ಪದೇ ಪದೇ ಕಾಣುತ್ತಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಜಪಾನಿನಲ್ಲಿ ಕಪ್ಪು-ಬಿಳಿ ಮಿಜುಹಿಕಿ ಎಂಬ ಅಲಂಕಾರದ ದಾರವನ್ನು ಸಾವಿನ ಮನೆಗೆ ಹಣವಿಟ್ಟು ಕೊಡುವ ಲಕೋಟೆಗೆ ಕಟ್ಟುತ್ತಾರೆ. ಬಿಚ್ಚಲಾಗದ ಮುಸುಬಿಕಿರಿ ಗಂಟು ಮದುವೆಗೂ ಉಂಟು, ಸಾವಿಗೂ ಉಂಟು. ಮತ್ತೆ ಬರಬಾರದ ಸಂದರ್ಭಗಳಿಗೆ ಅದು. ಹುಟ್ಟುಹಬ್ಬ ವರ್ಷ ವರ್ಷವೂ ಬರಲಿ ಎಂದು ಹಾರೈಸುವಾಗ ಎಳೆದರೆ ಬಿಚ್ಚಿಕೊಳ್ಳುವ, ಮತ್ತೆ ಕಟ್ಟಬಹುದಾದ ಚೋಮುಸುಬಿ, ಅಂದರೆ ಚಿಟ್ಟೆಗಂಟೇ ಬೇಕು. ಬಣ್ಣ ಕೆಂಪು-ಬಿಳಿ, ಕಟ್ಟಿ ಮುಗಿಸಿದಾಗ ನೋಡುವವರ ಎಡಕ್ಕೆ ಬಿಳಿ, ಬಲಕ್ಕೆ ಕೆಂಪು ಬರಬೇಕು. ಎಳೆಗಳು ಐದಿರಲಿ.

ಅಸಲಿ ಮಿಜುಹಿಕಿ ಎಂದರೆ ವಾಶಿ ಎಂಬ ಜಪಾನಿ ಕಾಗದವನ್ನು ಹೊಸೆದು, ಅಂಟು ಹಚ್ಚಿ ಒಣಗಿಸಿದ ಬಿರುಸಾದ ದಾರ. ನಾಗಾನೋ ಪ್ರಾಂತ್ಯದ ಈಡಾ ಊರು ಅದಕ್ಕೆ ಹೆಸರುವಾಸಿ. ಕಸೂತಿಯ ರೇಷ್ಮೆ ದಾರದಲ್ಲಿ ಆ ಬಿಗುವಿಲ್ಲದ ಕಾರಣ ಕುಣಿಕೆ ಕುಸಿಯುತ್ತದೆ. ನಾನು ಕ್ರೋಶಾದ ಬಿಳಿ ಹತ್ತಿ ದಾರವನ್ನು ಒಂದೊಂದು ಮೊಳಕ್ಕೆ ಕತ್ತರಿಸಿ, ಅರ್ಧ ಉದ್ದಕ್ಕೆ ಮಾತ್ರ ಕೆಂಪು ಬಣ್ಣ ಹಾಕಿ, ಅದು ಪೂರ್ತಿ ಒಣಗಿದ ಮೇಲೆ ಒಂದು ಪಾಲು ಫೆವಿಕಾಲಿಗೆ ಎರಡು ಪಾಲು ನೀರು ಬೆರೆಸಿ ಅದ್ದಿ, ಹೆಚ್ಚಿನ ಅಂಟನ್ನು ಬೆರಳಲ್ಲಿ ಸವರಿ ತೆಗೆದು, ಕೆಳತುದಿಗೆ ಬಟ್ಟೆಯ ಕ್ಲಿಪ್ಪು ತೂಗುಹಾಕಿ ರಾತ್ರಿಯಿಡೀ ನೇತುಬಿಡುತ್ತೇನೆ. ಬಣ್ಣ ಹಸಿಯಿರುವಾಗ ಅಂಟಿಗೆ ಅದ್ದಿದರೆ ಕೆಂಪು ಹರಿದು ಬಿಳಿಯ ಭಾಗ ಕೆಡುತ್ತದೆ. ಈ ವಿಷಯದಲ್ಲಿ ಅವಸರ ಬೇಡವೇ ಬೇಡ. ಗಂಟು ಹಾಕುವ ಮುನ್ನ ಪ್ರತಿ ಎಳೆಯನ್ನೂ ಹೆಬ್ಬೆರಳಿನ ಉಗುರಿಗೆ ಒತ್ತಿ ಎಳೆದು ಬಾಗಿಸಿ; ಇಲ್ಲದಿದ್ದರೆ ತಿರುವಿನಲ್ಲಿ ಮುರಿದು ಬಿಳಿಗೆರೆ ಬೀಳುತ್ತದೆ. ಐದೂ ಎಳೆಗಳು ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕದಲ್ಲಿ ಚಪ್ಪಟೆಯಾಗಿ ಕೂರುವವರೆಗೆ ಬಿಗಿ ಮಾಡಬೇಡಿ.

ಫೆವಿಕಾಲನ್ನು ದಾರಕ್ಕೆ ಮಾತ್ರ ಬಳಸಿ. ಕಾಗದದ ಮೇಲೆ ಸುರಿದರೆ ಅದರ ನೀರಿಗೆ ಕಾರ್ಡು ಅಲೆಯಲೆಯಾಗಿ ಏಳುತ್ತದೆ. ಕೊಕ್ಕರೆ ಅಂಟಿಸಲು ಫೆವಿಸ್ಟಿಕ್ ಅಥವಾ ಎರಡೂ ಬದಿ ಅಂಟುವ ಟೇಪು ಸಾಕು ಎಂದು ಎಷ್ಟು ಸಲ ಹೇಳಿದರೂ ಇಲ್ಲಿ ಯಾರೂ ಕೇಳುತ್ತಿಲ್ಲ.

ನಾಲ್ಕಕ್ಕೂ ಸಾವಿಗೂ ಜಪಾನಿಯಲ್ಲಿ ‘ಶಿ’ ಎಂಬ ಒಂದೇ ಉಚ್ಚಾರಣೆ ಇರುವುದರಿಂದ ಶುಭಕಾರ್ಯಕ್ಕೆ ಆ ಸಂಖ್ಯೆಯನ್ನು ಬಿಡುತ್ತಾರೆ. ಮೂರು ಕೊಕ್ಕರೆ ಇಟ್ಟು ಒಂದು ಆಮೆ ಸೇರಿಸಿದರೆ ಮತ್ತೆ ನಾಲ್ಕಾಗುತ್ತದೆ, ಆದ್ದರಿಂದ ಎರಡು ಕೊಕ್ಕರೆ, ಒಂದು ಆಮೆ ಇರಲಿ: ಕೊಕ್ಕರೆಗೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ ಆಯುಸ್ಸು ಎಂಬುದು ಅಲ್ಲಿನ ನಂಬಿಕೆ. ದಪ್ಪ ಕಾಗದ ಕೊಕ್ಕರೆಯ ಕತ್ತಿನ ಬಳಿ ಸೀಳುತ್ತದೆ. ಗಾಳಿಪಟದ ತೆಳು ಕಾಗದ ಒಳ್ಳೆಯದು. ಹೊಟ್ಟೆಯನ್ನು ಉಬ್ಬಿಸದೆ ಚಪ್ಪಟೆಯಾಗಿಯೇ ಅಂಟಿಸಿ.

ಅರವತ್ತಕ್ಕೆ ಅಲ್ಲಿ ಕಾನ್‌ರೆಕಿ ಎನ್ನುತ್ತಾರೆ. ಅರವತ್ತು ವರ್ಷಗಳ ಚಕ್ರ ಮುಗಿದು ಹುಟ್ಟಿದ ವರ್ಷವೇ ಮರಳಿ ಬಂತೆಂಬ ಲೆಕ್ಕ. ನಮ್ಮ ಸಂವತ್ಸರ ಚಕ್ರ, ಷಷ್ಟ್ಯಬ್ದಿಯಂತೆಯೇ. ಹಿರಿಯರಿಗೆ ಕೆಂಪು ತೋಳಿಲ್ಲದ ಅಂಗಿ ತೊಡಿಸುತ್ತಾರೆ. ಹಾಗಾಗಿ ನಿಮ್ಮ ಬೂದು ಹಿನ್ನೆಲೆಯ ಬದಲು ಕೆಂಪು ಬಳಸಿ. ಆದರೆ ತಂದೆಯವರ ಹೆಸರನ್ನು ಕೆಂಪಿನಲ್ಲಿ ಬರೆಯಬೇಡಿ. ಗಾಢ ಕಪ್ಪು ಶಾಯಿಯಲ್ಲೇ ಬರೆಯಿರಿ. ನೀರು ಬೆರೆತಂಥ ಮಸುಕು ಶಾಯಿ ಅಲ್ಲಿ ಸಂತಾಪದ ಲಕೋಟೆಗೆ ಮೀಸಲು.

ಒಳಪುಟದಲ್ಲಿ ಜಾಗವಿದ್ದರೆ ದರುಮಾ ಗೊಂಬೆಯನ್ನು ಬರೆದು ಎರಡೂ ಕಣ್ಣು ಖಾಲಿ ಬಿಡಿ. ದರುಮಾ ಎಂದರೆ ದಕ್ಷಿಣ ಭಾರತದಿಂದ ಚೀನಾಕ್ಕೆ ಹೋದನೆಂದು ಪರಂಪರೆ ಹೇಳುವ ಬೌದ್ಧ ಗುರು ಬೋಧಿಧರ್ಮನೇ. ತಂದೆಯವರು ಏನಾದರೂ ಸಂಕಲ್ಪ ಮಾಡಿ ಗೊಂಬೆಯ ಎಡಗಣ್ಣು, ಅಂದರೆ ನಮಗೆ ಬಲಕ್ಕೆ ಕಾಣುವುದನ್ನು, ತಾವೇ ತುಂಬಲಿ. ಅದು ಈಡೇರಿದಾಗ ಇನ್ನೊಂದನ್ನು.

ಲಕೋಟೆಯನ್ನು ನೀವೇ ಮಡಿಸುವುದಾದರೆ ಹಿಂಬದಿಯಲ್ಲಿ ಕೆಳಗಿನ ಮಡಿಕೆ ಮೇಲಿನದರ ಮೇಲೆ ಬರಲಿ. ತಿರುಗುಮುರುಗಾದರೆ ಅದೂ ಸಂತಾಪದ ಕ್ರಮ. ಗಂಟು ಎದ್ದು ನಿಲ್ಲುವುದರಿಂದ ಅಂಚೆಗೆ ಹಾಕದೆ ಕೈಯಲ್ಲೇ ಕೊಡಿ, ಇಲ್ಲವೇ ಗಟ್ಟಿ ಡಬ್ಬಿಯಲ್ಲಿಟ್ಟು ಕಳುಹಿಸಿ.