ಆನ್‌ಲೈನ್ ಮ್ಯಾಜಿಕ್ ಆಟದಲ್ಲಿ ಲ್ಯಾಂಡ್ ಎಲೆ ಸರಿಯಾಗಿ ಬರುವುದೇ ಇಲ್ಲ, ಕಂಪ್ಯೂಟರ್ ಮೋಸ ಮಾಡುತ್ತಾ?

ಇಲ್ಲ. ಎಲೆಗಳನ್ನು ಸರಿಯಾಗಿ ಕಲೆಸಿದರೆ ಆಗೋದೇ ಹಾಗೆ. ನಾವು ಕೈಯಲ್ಲಿ ಕಲೆಸುವುದು ಅರೆಬರೆ, ಅದಕ್ಕೇ ಕಂಪ್ಯೂಟರಿನದ್ದು ಮೋಸ ಅನ್ನಿಸುತ್ತದೆ.

‘ಮ್ಯಾಜಿಕ್: ದ ಗ್ಯಾದರಿಂಗ್’ ಅನ್ನುವ ಕಾರ್ಡ್ ಆಟ ಗೊತ್ತಿಲ್ಲದವರಿಗೆ: ಲ್ಯಾಂಡ್ ಅಂದರೆ ಉಳಿದ ಎಲೆ ಆಡಲು ಬೇಕಾದ ಬಂಡವಾಳ. ಅದು ಬರದಿದ್ದರೆ ಕೈತುಂಬಾ ಎಲೆ ಹಿಡಿದು ಸುಮ್ನೆ ಕೂರಬೇಕು. 60 ಎಲೆಯ ಕಟ್ಟಿನಲ್ಲಿ 24 ಲ್ಯಾಂಡ್ ಇದ್ದರೂ, ಮೊದಲ 7 ಎಲೆಯಲ್ಲಿ ಲ್ಯಾಂಡ್ ಒಂದೂ ಇಲ್ಲದಿರುವ ಅಥವಾ ಒಂದೇ ಇರುವ ಸಂಭವ ಸುಮಾರು ಶೇ 14. ಹೆಚ್ಚುಕಮ್ಮಿ ಏಳು ಆಟಕ್ಕೊಮ್ಮೆ!

ತೀರ್ಥಹಳ್ಳಿಯ ನಮ್ಮ ಮನೆ ಜಗಲಿಯಲ್ಲಿ ಪುಷ್ಯ ಮಳೆ ಹಿಡಿದಾಗ ರಮ್ಮಿ ಆಡುತ್ತೇವೆ. ಥಂಡಿಗೆ ಎಲೆಗಳು ಒಂದಕ್ಕೊಂದು ಅಂಟಿರುತ್ತವೆ. ಚಿಕ್ಕಪ್ಪ ಎರಡು ಸಲ ಕಲೆಸಿ ಹಂಚಿದರೆ, ಹಿಂದಿನ ಆಟದಲ್ಲಿ ಜೋಡಿಸಿದ್ದ ಇಸ್ಪೀಟಿನ 5, 6, 7 ಹಾಗೇ ಒಟ್ಟಿಗೆ ಬರುತ್ತವೆ. ಕಟ್ಟನ್ನು ಅರ್ಧ ಮಾಡಿ ಒಂದರೊಳಗೊಂದು ಹೆಣೆಯುತ್ತೇವಲ್ಲ, ಹಾಗೆ ಸುಮಾರು 7 ಸಲ ಮಾಡಿದರೆ ಮಾತ್ರ 52 ಎಲೆ ಚೆನ್ನಾಗಿ ಬೆರೆಯುತ್ತವೆ ಅಂತ ಗಣಿತಜ್ಞರು 1992ರಲ್ಲೇ ತೋರಿಸಿದ್ದಾರೆ. ಯಾರು ಮಾಡ್ತಾರೆ ಅಷ್ಟೆಲ್ಲ? ಮ್ಯಾಜಿಕ್ ಆಡುವ ಎಷ್ಟೋ ಜನ ಎರಡು ಎಲೆಗೊಂದು ಲ್ಯಾಂಡ್ ಸಿಕ್ಕಿಸಿ, ಆಮೇಲೆ ನೆಪಕ್ಕೆ ಕಲೆಸುತ್ತಾರೆ. ನಿಜ ಹೇಳಬೇಕೆಂದರೆ ಮೋಸ ಅದು, ಅಲ್ವಾ?

ಮ್ಯಾಜಿಕ್ ಅನ್ನು ಆನ್‌ಲೈನಿನಲ್ಲಿ ಆಡುವ ‘ಅರೇನಾ’ದಲ್ಲಿ ಒಂದೇ ಆಟದ ಪಂದ್ಯವಾದರೆ ಕಂಪ್ಯೂಟರ್ ನಿಮಗೇ ಸಹಾಯ ಮಾಡುತ್ತದೆ. ಒಳಗೊಳಗೇ ಒಂದಕ್ಕಿಂತ ಜಾಸ್ತಿ ಕೈ ತೆಗೆದು, ಲ್ಯಾಂಡ್ ಪ್ರಮಾಣ ಸರಿಯಿರುವುದನ್ನೇ ಹೆಚ್ಚಾಗಿ ಕೊಡುತ್ತದೆ. ಆದರೂ ಕೈ ಕೆಡುತ್ತಿದ್ದರೆ ನಿಮ್ಮ ಕಟ್ಟಿನ ಲ್ಯಾಂಡ್ ಎಣಿಸಿ. 20 ಮಾತ್ರ ಇದ್ದರೆ ಇನ್ನೆರಡು ಮೂರು ಸೇರಿಸಿ ನೋಡಿ.